ಪತಂಗವೂ ಪ್ರದೀಪವೂ

ಬಲೆಯೆಂಬ ಶಬ್ದವು ಕಿವಿಗೆ ಬಿದ್ದೊಡನೆ ಮನಸ್ಸಿನಲ್ಲಿ ಮೂಡುವ ಚಿತ್ರವು ಬೇಡನದು. ಬೇಡನು ಬಲೆಯನ್ನೊಡ್ಡುವುದು ಕೊಲ್ಲುವುದಕ್ಕಾಗಿ, ಇಲ್ಲವೆ ಮಾರುವುದಕ್ಕಾಗಿ. ಆತನ ಕಾರ್ಯವು ಕ್ರೂರವಾದರೂ ಉದ್ದೇಶವು ಸ್ಪಷ್ಟವಾದುದು. ಆದರೆ ಕೊಲ್ಲುವ ಬಯಕೆಯಾಗಲಿ ಮಾರುವ ಬಯಕೆಯಾಗಲಿ ಇಲ್ಲದೆ, ಕಂಡು ತಿಳಿಯಬೇಕೆಂಬ ಆಸೆಯೊಂದರಿಂದಲೇ ಒಂದು ಪ್ರಾಣಿಯನ್ನು ಅದರ ದಾರಿಯಿಂದ ತಪ್ಪಿಸಿ, ಒಂದು ರಾತ್ರಿಯ ಮಟ್ಟಿಗೆ ತನ್ನ ಬಳಿ ತಡೆದಿಟ್ಟುಕೊಳ್ಳುವುದು ಉಚಿತವೋ ಅನುಚಿತವೋ? ತನ್ನ ಮನೆಯ ತೋಟಕ್ಕೆ ಮೊದಲನೆಯ ಪತಂಗದ ಬೋನನ್ನು ಆರಿಸಿಕೊಳ್ಳಹೊರಟ ಗೃಹಸ್ಥನ ಮುಂದೆ ನಿಲ್ಲುವ ಪ್ರಶ್ನೆಯು ಇದೇ. ಚಿಕ್ಕ ಪ್ರಾಣಿಗಳಿಗೆ ಸಂಬಂಧಪಟ್ಟುದರಿಂದ ಇದನ್ನು ಚಿಕ್ಕ ಪ್ರಶ್ನೆಯೆಂದು ಬಗೆಯುವುದು ವಿಚಾರವಂತರಿಗೆ ತಕ್ಕುದಲ್ಲ. ಪ್ರತೀಕಾರ ಮಾಡಲಾರದ, ದೂರು ಹೇಳಲಾರದ ಜೀವಿಯ ಎದುರಿನಲ್ಲಿ ಮನುಷ್ಯನು ಹೇಗೆ ನಡೆದುಕೊಳ್ಳುವನೆಂಬುದರಿಂದಲೇ ಅವನ ಧರ್ಮಬುದ್ಧಿಯ ನಿಜವಾದ ತೂಕವು ಗೊತ್ತಾಗುತ್ತದೆ.

ಮೈಸೂರಿನ ಸರಸ್ವತಿಪುರಂ ಬಡಾವಣೆಯಲ್ಲಿ, ಕುಕ್ಕರಹಳ್ಳಿ ಕೆರೆಗೆ ನಡೆದು ಹೋಗಬಹುದಾದಷ್ಟು ದೂರದಲ್ಲಿ, ಒಂದು ಹಳೆಯ ಮನೆಯಿದೆಯೆಂದು ಭಾವಿಸಬಹುದು. ಅಂತಹ ಮನೆಗಳು ಅಲ್ಲಿ ಇನ್ನೂ ಉಳಿದುಕೊಂಡಿವೆ. ಮುಂದುಗಡೆ ದೇವರ ಪೂಜೆಗೆಂದು ಬೆಳೆಸಿದ ಕಣಗಿಲೆ, ನಂದಿಬಟ್ಟಲು, ಪಾರಿಜಾತಗಳು. ಹಿತ್ತಿಲಿನಲ್ಲಿ ಎರಡು ಪರಂಗಿ ಗಿಡಗಳು, ಒಂದು ಕರಿಬೇವು, ಕೆಲವು ಬಾಳೆಯ ಕಂದುಗಳು. ಮನೆಯ ಯಜಮಾನರು ಉದ್ಯೋಗದಿಂದ ನಿವೃತ್ತರಾದವರು. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಅವರ ಮೊಮ್ಮಗಳು ಪುಸ್ತಕವೊಂದರಲ್ಲಿ ಕಣಗಿಲೆಯ ಪತಂಗದ ಚಿತ್ರವನ್ನು ನೋಡಿದಳು. ಹಸುರಿನ ಮೇಲೆ ಬಿಳಿ ಮತ್ತು ನಸುಗೆಂಪಿನ ಬಳ್ಳಿಗಳನ್ನೆಳೆದಂತಹ ರೆಕ್ಕೆಗಳುಳ್ಳ ಆ ಪತಂಗದ ಮರಿಯು ಕಣಗಿಲೆ ಮತ್ತು ನಂದಿಬಟ್ಟಲಿನ ಎಲೆಯನ್ನು ತಿಂದು ಬೆಳೆಯುವುದೆಂದು ಅಲ್ಲಿ ಬರೆದಿತ್ತು. ಆ ಎರಡು ಗಿಡಗಳೂ ತಮ್ಮ ಅಂಗಳದಲ್ಲಿರುವಾಗ ಪತಂಗವು ಮಾತ್ರ ತನಗೇಕೆ ಕಾಣದೆಂಬುದು ಅವಳ ಕೊರಗು. "ತಾತ, ನಮ್ಮ ತೋಟಕ್ಕೂ ಒಂದು ಬೋನು ತರಿಸಿಕೊಡಿ. ಹಿಡಿದು ನೋಡಿ ಬಿಟ್ಟುಬಿಡುತ್ತೇನೆ" ಎಂದು ಅವಳು ಬೇಡಿಕೊಂಡಳು.

ಸಂಧ್ಯಾದೀಪಕ್ಕೆ ಬತ್ತಿಯನ್ನು ಹೊಸೆಯುತ್ತ ಕುಳಿತಿದ್ದ ಅಜ್ಜಿಯು ಈ ಮಾತನ್ನು ಕೇಳಿದಳು. "ದೀಪಕ್ಕೆ ಹುಳ ಬಿದ್ದು ಸಾಯಬಾರದೆಂದು ನಮ್ಮ ಅತ್ತೆಯವರು ಹಣತೆಯ ಮೇಲೆ ಜಾಲರಿ ಮುಚ್ಚುತ್ತಿದ್ದರು. ಈಗ ಹುಳ ಬೀಳಲಿ ಎಂದೇ ನೀವು ದುಡ್ಡು ಕೊಟ್ಟು ದೀಪ ತರುತ್ತೀರಾ?" ಎಂದು ಆಕೆಯು ಪತಿಯನ್ನು ಕೇಳಿದಳು. ಯಜಮಾನರು ಒಡನೆಯೇ ಉತ್ತರ ಕೊಡಲಿಲ್ಲ. ಅವರ ಮೌನವು ಸಕಾರಣವಾದುದೇ ಆಗಿತ್ತು. ಮೊಮ್ಮಗಳ ಕುತೂಹಲವೂ ಮಡದಿಯ ಕರುಣೆಯೂ ಎರಡೂ ಸದ್ಗುಣಗಳೇ ಆಗಿರುವಾಗ, ಒಂದನ್ನು ಎತ್ತಿಹಿಡಿಯಲು ಇನ್ನೊಂದನ್ನು ತಳ್ಳಿಹಾಕುವುದು ಸುಲಭವಲ್ಲ.

ಮೊದಲು ಬೋನುಗಳ ಸ್ವರೂಪವನ್ನು ತಿಳಿದುಕೊಳ್ಳುವುದು ಯುಕ್ತ. ಇವುಗಳೆಲ್ಲಕ್ಕೂ ಮೂಲತತ್ತ್ವವು ಒಂದೇ: ಕತ್ತಲೆಯಲ್ಲಿ ಒಂದು ದೀಪ, ದೀಪದ ಕೆಳಗೆ ಒಂದು ಆಲಿಕೆ ಅಥವಾ ಸೀಳು, ಅದರ ಕೆಳಗೆ ಒಂದು ಪೆಟ್ಟಿಗೆ. ಮನುಷ್ಯನ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು ಕೀಟಗಳ ಕಣ್ಣಿಗೆ ಕಾಣುವುದರಿಂದ, ಅಂತಹ ಕಿರಣಗಳನ್ನು ಹೆಚ್ಚಾಗಿ ಬೀರುವ ದೀಪಗಳನ್ನೇ ಇವುಗಳಿಗೆ ಆರಿಸಿಕೊಳ್ಳುತ್ತಾರೆ. ಪತಂಗಗಳು ಪೆಟ್ಟಿಗೆಯೊಳಗೆ ಬಿದ್ದು, ಮೊಟ್ಟೆಯ ಅಂಗಡಿಗಳಲ್ಲಿ ದೊರೆಯುವ ಹಳ್ಳವುಳ್ಳ ರಟ್ಟಿನ ತಟ್ಟೆಗಳ ಸಂದಿಗಳಲ್ಲಿ ಅಡಗಿ ಕುಳಿತು ಬೆಳಗಿನ ತನಕ ಇರುತ್ತವೆ. ಇಂಗ್ಲೆಂಡಿನಲ್ಲಿ ರಾಬಿನ್ಸನ್ ಎಂಬ ಹೆಸರಿನ ಇಬ್ಬರು 1950ರಲ್ಲಿ ಲೋಕಕ್ಕೆ ತಿಳಿಸಿದ ದುಂಡು ಬೋನು ಇವುಗಳಲ್ಲಿ ಅತ್ಯಂತ ಪ್ರಬಲವಾದುದು. 125 ವಾಟ್ ಪಾದರಸದ ದೀಪವನ್ನು ಅದಕ್ಕೆ ಹಾಕುವುದು ವಾಡಿಕೆ. ಅದರೊಳಗೆ ಬಿದ್ದ ಪತಂಗವು ಹೊರಗೆ ಬರುವುದು ಅಪರೂಪ. ಸ್ಕಿನ್ನರ್ ಎಂಬವರ ಹೆಸರಿನ ಬೋನು ಮರದ ಪೆಟ್ಟಿಗೆ. ಅದರ ಮೇಲೆ ಎರಡು ಪಾರದರ್ಶಕ ಹಲಗೆಗಳು ಇಳಿಜಾರಾಗಿ ಕೂಡಿ ನಡುವೆ ಕಿರಿದಾದ ಸೀಳನ್ನು ಬಿಟ್ಟಿರುತ್ತವೆ. ಬಿದ್ದವುಗಳಲ್ಲಿ ಕೆಲವು ಅದರಿಂದ ಪಾರಾಗುವುದುಂಟು. ಹೀತ್ ಎಂಬವರ ಹೆಸರಿನ ಬೋನು ಚಿಕ್ಕದು, ಹೊತ್ತೊಯ್ಯಬಹುದಾದುದು; ಅದರ ಸಣ್ಣ ಕೊಳವೆದೀಪಕ್ಕೆ ಬ್ಯಾಟರಿಯೇ ಸಾಕು. ಇವೆಲ್ಲಕ್ಕಿಂತ ಹಳೆಯದು, ಸರಳವಾದುದು, ಪೆಟ್ಟಿಗೆಯೇ ಇಲ್ಲದ ಉಪಾಯ: ಬಿಳಿಯ ಬಟ್ಟೆಯನ್ನು ಹಗ್ಗಕ್ಕೆ ಇಳಿಬಿಟ್ಟು, ಅದರ ಮುಂದೆ ದೀಪವನ್ನಿಟ್ಟು, ಬಂದು ಕುಳಿತ ಪತಂಗಗಳನ್ನು ನೋಡುತ್ತ ಕೂರುವುದು.

ಬೋನನ್ನು ಮಾರುವವರು ಇವುಗಳ ತಾರತಮ್ಯವನ್ನು ಒಂದೇ ಅಳತೆಯಿಂದ ಹೇಳುತ್ತಾರೆ: ಯಾವುದು ಒಂದು ರಾತ್ರಿಯಲ್ಲಿ ಎಷ್ಟು ಪತಂಗಗಳನ್ನು ಹಿಡಿಯುತ್ತದೆ, ಹಿಡಿದುದರಲ್ಲಿ ಎಷ್ಟನ್ನು ಉಳಿಸಿಕೊಳ್ಳುತ್ತದೆ ಎಂಬುದೇ ಆ ಅಳತೆ. ವ್ಯಾಪಾರದ ದೃಷ್ಟಿಯಿಂದ ಇದು ಸಹಜವೇ. ಆದರೆ ಧರ್ಮವಿಚಾರದಲ್ಲಿ ಈ ಅಳತೆಯು ಸಾಲದು. ಅದಕ್ಕೆ ಮೊದಲು ಪೂರ್ವಪಕ್ಷವನ್ನು ಪೂರ್ತಿಯಾಗಿ ಕೇಳಬೇಕು.

ಅಜ್ಜಿಯ ಮಾತಿನ ಹಿಂದೆ ಕನ್ನಡನಾಡಿನ ಬಹು ಪುರಾತನವಾದ ಒಂದು ಸಂಸ್ಕಾರವಿದೆ. ಶ್ರವಣಬೆಳಗೊಳದ ಕಡೆಯ ಜೈನ ಗೃಹಸ್ಥರು ಸೂರ್ಯಾಸ್ತಕ್ಕೆ ಮುಂಚೆಯೇ ಊಟವನ್ನು ಮುಗಿಸುವ ರಾತ್ರಿಭೋಜನತ್ಯಾಗವೆಂಬ ವ್ರತವನ್ನು ಇಂದಿಗೂ ಪಾಲಿಸುತ್ತಾರೆ. ದೀಪಕ್ಕೆ ಬಂದ ಹುಳುವು ಬೆಂಕಿಯಲ್ಲಿ ಬೀಳಬಾರದು, ಕತ್ತಲೆಯಲ್ಲಿ ಕಾಣದ ಜೀವವು ಅನ್ನದೊಡನೆ ಬಾಯಿಗೆ ಹೋಗಬಾರದು ಎಂಬ ಎಚ್ಚರಿಕೆಯು ಅದಕ್ಕೆ ಒಂದು ಕಾರಣ. ತನ್ನ ಹಸಿವನ್ನೇ ಹುಳುವಿನ ಸಲುವಾಗಿ ಹೊತ್ತಿಗೆ ಕಟ್ಟಿಹಾಕಿದ ಈ ಆಚಾರದ ಮುಂದೆ, ಕುತೂಹಲಕ್ಕಾಗಿ ದೀಪವನ್ನು ಹಚ್ಚುವುದು ಹಗುರವಾಗಿ ತೋರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದಕ್ಕೆ ಮೊಮ್ಮಗಳು ಕೊಟ್ಟ ಉತ್ತರವು ಹರಿತವಾಗಿತ್ತು. "ಅಜ್ಜಿ, ನಿಮ್ಮ ಮಡಿಯ ಸೀರೆಯೂ ಪತಂಗದ್ದೇ ಅಲ್ಲವೇ? ಗೂಡಿನೊಳಗೆ ಕೋಶವಾಗಿರುವಾಗಲೇ ಅದನ್ನು ಬಿಸಿಗೆ ಸಿಕ್ಕಿಸಿ ಕೊಲ್ಲುತ್ತಾರೆಂದು ನಮಗೆ ಪಾಠವಿದೆ." ಮಾತು ನಿಜವೇ. ಮೈಸೂರು ಸೀಮೆಯಲ್ಲಿ ರೇಷ್ಮೆಯ ಉದ್ಯೋಗವು ಟಿಪ್ಪುವಿನ ಕಾಲದಿಂದ ಬೆಳೆದು ಬಂದುದು. ನಗರದ ರೇಷ್ಮೆಯ ಕಾರ್ಖಾನೆಯು 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಹುಟ್ಟಿತು. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಪತಂಗವು ಗೂಡನ್ನು ಭೇದಿಸಿಕೊಂಡು ಹೊರಬಂದರೆ ಎಳೆಯು ತುಂಡಾಗುವುದರಿಂದ ಅದನ್ನು ಹೊರಬರಗೊಡುವುದಿಲ್ಲ. ಸಾವಿರಾರು ವರ್ಷಗಳ ಸಾಕಣೆಯಿಂದ ಆ ಪತಂಗವು ಹಾರುವ ಶಕ್ತಿಯನ್ನೇ ಕಳೆದುಕೊಂಡಿದೆ; ರೆಕ್ಕೆಯಿದ್ದರೂ ಅದಕ್ಕೆ ಆಕಾಶವಿಲ್ಲ. ಪೂಜೆಗೆ ಶುದ್ಧವೆಂದು ಉಡುವ ಬಟ್ಟೆಯಲ್ಲಿಯೇ ಇಷ್ಟು ಜೀವಹಾನಿಯಿರುವಾಗ, ಹಿಡಿದು ಬಿಡುವ ಬೋನನ್ನು ದೂರುವುದು ಸರಿಯೇ ಎಂಬುದು ಹುಡುಗಿಯ ವಾದ.

ಅಜ್ಜಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಬಹುದು ಮಗು. ಆದರೆ ಒಂದು ತಪ್ಪು ಇನ್ನೊಂದು ತಪ್ಪಿಗೆ ಅಪ್ಪಣೆ ಕೊಡುವುದಿಲ್ಲ ಕಣೇ" ಎಂದಳು. ತರ್ಕಶಾಸ್ತ್ರವನ್ನು ಓದದ ಆಕೆಯ ಈ ಉತ್ತರವು ತರ್ಕದ ದೃಷ್ಟಿಯಿಂದಲೂ ನಿರ್ದುಷ್ಟವಾದುದು. ಎದುರಾಳಿಯ ಆಚಾರದಲ್ಲಿ ದೋಷವನ್ನು ತೋರಿಸಿದ ಮಾತ್ರಕ್ಕೆ ತನ್ನ ಆಚಾರವು ನಿರ್ದೋಷವೆಂದು ಸಿದ್ಧವಾಗುವುದಿಲ್ಲ. ಬೋನಿನ ಪ್ರಶ್ನೆಯನ್ನು ಬೋನಿನ ಸ್ವರೂಪದಿಂದಲೇ ತೀರ್ಮಾನಿಸಬೇಕು.

ಇನ್ನೊಂದು ವಿಧದ ಬೆಳಕಿನ ಬಲೆಯೂ ಕರ್ನಾಟಕದ ರೈತರಿಗೆ ಪರಿಚಿತವಾದುದು. ಮುಂಗಾರಿನ ಮೊದಲ ಭಾರಿ ಮಳೆಯಾದ ಮೇಲೆ ಕಡಲೆಕಾಯಿಯ ಸೀಮೆಗಳಲ್ಲಿ ಕೆಂಪು ತಲೆಯ ಕಂಬಳಿಹುಳುವಿನ ಪತಂಗಗಳು ನೆಲದಿಂದೆದ್ದು ಬರುತ್ತವೆ. ಆಗ ಹೊಲದ ಬದುಗಳಲ್ಲಿ ದೀಪವನ್ನೋ ಬೆಂಕಿಯನ್ನೋ ಹಚ್ಚಿ, ಮೊಟ್ಟೆಯಿಡುವ ಮುಂಚೆಯೇ ಅವನ್ನು ಸೆಳೆದು ನಾಶಮಾಡಬೇಕೆಂದು ಕೃಷಿಪಂಡಿತರು ಹೇಳುತ್ತಾರೆ. ಅಮೆರಿಕ ಖಂಡದ ಸೈನಿಕ ಹುಳುವು 2018ರಲ್ಲಿ ಭಾರತದಲ್ಲಿ ಮೊದಲು ಗುರುತಿಸಲ್ಪಟ್ಟುದು ಶಿವಮೊಗ್ಗದ ಕಡೆಯ ಮುಸುಕಿನ ಜೋಳದ ಹೊಲಗಳಲ್ಲಿಯೇ. ಅದೂ ಒಂದು ಪತಂಗದ ಮರಿ. ಅನ್ನವನ್ನು ಕಾಯುವ ರೈತನ ಬಲೆಗೆ ಕಾರಣವಿದೆ. ಅದರಿಂದಾಗುವ ಹಿಂಸೆಯು ಬದುಕಿನ ಭಾರದೊಡನೆ ಕೂಡಿ ಬಂದುದು. ಸರಸ್ವತಿಪುರಂನ ಹೂದೋಟಕ್ಕೆ ಆ ಕಾರಣವಿಲ್ಲ. ಆದುದರಿಂದ ರೈತನಿಗೆ ಸಲ್ಲುವ ಸಮರ್ಥನೆಯು ತೋಟದ ಗೃಹಸ್ಥನಿಗೆ ಸಲ್ಲಲಾರದು. ಅವನು ಬೇರೊಂದು ನೆಲೆಯಿಂದಲೇ ಉತ್ತರವನ್ನು ಕೊಡಬೇಕು.

ಈಗ ಪತಂಗವು ದೀಪಕ್ಕೆ ಬರುವುದೇಕೆಂಬುದನ್ನು ವಿಚಾರಿಸಬೇಕು. ಏಕೆಂದರೆ ಬಲೆಯ ದೋಷವನ್ನು ತೂಗುವುದಕ್ಕೆ, ಬಲೆಗೆ ಬೀಳುವವನ ದೋಷವೆಷ್ಟೆಂದು ತಿಳಿದಿರಬೇಕು.

ನಮ್ಮ ಹಿರಿಯರು ಪತಂಗವನ್ನು ಕಾಮದ ಉದಾಹರಣೆಯಾಗಿ ಮಾಡಿದ್ದಾರೆ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನು ಎಣಿಸುವ ಇಪ್ಪತ್ತುನಾಲ್ಕು ಗುರುಗಳಲ್ಲಿ ಪತಂಗವೂ ಒಂದು. ರೂಪಕ್ಕೆ ಮರುಳಾಗಿ ಬೆಂಕಿಯಲ್ಲಿ ಬೀಳುವ ಅದನ್ನು ನೋಡಿ, ಹಾಗೆ ಬೀಳಬಾರದೆಂಬುದನ್ನು ಕಲಿಯಬೇಕು. ವಿವೇಕಚೂಡಾಮಣಿಯಲ್ಲಿ ಒಂದೊಂದು ಇಂದ್ರಿಯದಿಂದ ಕೆಡುವ ಐದು ಪ್ರಾಣಿಗಳ ನಡುವೆ ಕಣ್ಣಿನ ಚಪಲಕ್ಕೆ ಪತಂಗವೇ ದೃಷ್ಟಾಂತ. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ವಿಶ್ವರೂಪದ ಬಾಯಿಗಳನ್ನು ಹೊಗುವ ವೀರರಿಗೆ ಉರಿಯನ್ನು ಹೊಗುವ ಪತಂಗಗಳ ಹೋಲಿಕೆಯಿದೆ. ಮನುಷ್ಯನನ್ನು ಎಚ್ಚರಿಸುವುದೇ ಇವೆಲ್ಲದರ ಉದ್ದೇಶ. ಆ ಉದ್ದೇಶವು ಇಂದಿಗೂ ಮಾನ್ಯವಾದುದು. ಆದರೆ ದೃಷ್ಟಾಂತವು ಪತಂಗಕ್ಕೆ ನ್ಯಾಯವನ್ನು ಮಾಡಿದೆಯೇ ಎಂಬುದು ಬೇರೆಯ ಮಾತು.

2024ರ ಜನವರಿಯಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಈ ವಿಷಯಕ್ಕೆ ಹೊಸ ಬೆಳಕನ್ನು ತಂದಿತು. ವಿಜ್ಞಾನಿಗಳು ಅತಿವೇಗದ ಕ್ಯಾಮೆರಾಗಳಿಂದ ದೀಪದ ಸುತ್ತ ಹಾರುವ ಕೀಟಗಳ ಚಲನೆಯನ್ನು ಹಿಡಿದು ಪರೀಕ್ಷಿಸಿದರು. ಕೀಟಗಳು ನೇರವಾಗಿ ದೀಪದೊಳಕ್ಕೆ ನುಗ್ಗುತ್ತಿರಲಿಲ್ಲ. ದೀಪದ ಕಡೆಗೆ ಬೆನ್ನನ್ನು ತಿರುಗಿಸುತ್ತಿದ್ದವು. ಕಾರಣವು ಹೀಗೆ. ವೇಗವಾಗಿ ಹಾರುವ ಚಿಕ್ಕ ಪ್ರಾಣಿಗೆ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯುವುದು ಸುಲಭವಲ್ಲ. ಲಕ್ಷಾಂತರ ವರ್ಷಗಳ ಕಾಲ ರಾತ್ರಿಯಲ್ಲಿಯೂ ನೆಲಕ್ಕಿಂತ ಆಕಾಶವೇ ಬೆಳಕಾದುದಾಗಿದ್ದಿತು. ಆದುದರಿಂದ ಬೆಳಕಿನ ಕಡೆಗೆ ಬೆನ್ನನ್ನಿಟ್ಟು ಹಾರಿದರೆ ನೆಟ್ಟಗೆ ಹಾರಿದಂತೆಯೇ ಎಂಬುದು ಅವುಗಳ ದೇಹದಲ್ಲಿ ಬೇರೂರಿದ ನಿಯಮವಾಯಿತು. ಮನುಷ್ಯನ ದೀಪವು ಪಕ್ಕದಲ್ಲಿ ಉರಿಯತೊಡಗಿದಾಗ ಕೀಟವು ಅದರ ಕಡೆಗೆ ಬೆನ್ನನ್ನು ವಾಲಿಸುತ್ತದೆ. ವಾಲಿದುದರಿಂದ ದಾರಿಯು ಬಾಗುತ್ತದೆ. ಬಾಗಿದ ದಾರಿಯು ಸುತ್ತಾಗುತ್ತದೆ. ದೀಪದ ಮೇಲುಗಡೆ ಹಾದುಹೋದರೆ ಅದು ಮಗುಚಿಕೊಂಡು ಕೆಳಗೆ ಬೀಳುತ್ತದೆ. ಹೀಗೆ ಸುತ್ತುತ್ತ ಬಳಲಿದ ಪ್ರಾಣಿಯನ್ನೇ ಬೋನಿನ ಆಲಿಕೆಯು ಒಳಕ್ಕಿಳಿಸುವುದು.

ಸಂಸ್ಕೃತದಲ್ಲಿ ಪತಂಗವೆಂಬ ಒಂದೇ ಶಬ್ದವು ಹುಳುವಿಗೂ ಹಕ್ಕಿಗೂ ಸೂರ್ಯನಿಗೂ ಸಲ್ಲುತ್ತದೆಂಬುದನ್ನು ಕೋಶವನ್ನು ಓದಿದವರು ಬಲ್ಲರು. ಆ ಶಬ್ದಸಾಮ್ಯದಲ್ಲಿ ಈಗ ಒಂದು ಅರ್ಥವಿರುವಂತೆ ತೋರುತ್ತದೆ. ಪತಂಗವು ಬಯಸಿದುದು ಬೆಂಕಿಯ ರೂಪವನ್ನಲ್ಲ. ಅದು ನಂಬಿದುದು ಆಕಾಶವನ್ನು. ಮನುಷ್ಯನು ನೆಲದ ಮೇಲೆ ಒಂದು ಸುಳ್ಳು ಆಕಾಶವನ್ನು ಹೊತ್ತಿಸಿದನು. ಆ ಪ್ರಾಣಿಯು ತನ್ನ ಹಳೆಯ ನಂಬಿಕೆಯಂತೆಯೇ ನಡೆದು ಕೆಟ್ಟಿತು. ಕಾಮದಿಂದ ಕೆಟ್ಟವನಿಗೂ ನಂಬಿ ಕೆಟ್ಟವನಿಗೂ ಬಹಳ ಅಂತರವಿದೆ. ಕಾಮದಿಂದ ಕೆಟ್ಟವನ ವಿಷಯದಲ್ಲಿ ದೋಷವು ಬಿದ್ದವನದು. ನಂಬಿ ಕೆಟ್ಟವನ ವಿಷಯದಲ್ಲಿ ದೋಷವು ಆ ನಂಬಿಕೆಯನ್ನು ಬಳಸಿಕೊಂಡವನದು. ಹೀಗೆ ಇಷ್ಟು ಕಾಲ ಪತಂಗದ ತಲೆಯ ಮೇಲಿದ್ದ ಅಪವಾದವು ಸರಿದು ದೀಪವನ್ನು ಹಚ್ಚಿದ ಕೈಗೆ ಬಂದು ಸೇರುತ್ತದೆ.

ಈ ಮಾತನ್ನು ಒಪ್ಪಿದೊಡನೆ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ. ಬೋನಿನ ದೀಪವು ವಂಚನೆಯಾದರೆ ಬೀದಿಯ ದೀಪವೇನು? ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ತೆಗೆದಂದಿನಿಂದ ಈ ಸೀಮೆಯ ರಾತ್ರಿಯು ಹಳೆಯ ರಾತ್ರಿಯಾಗಿ ಉಳಿಯಲಿಲ್ಲ. ದಸರೆಯ ದಿನಗಳಲ್ಲಿ ಅರಮನೆಯನ್ನು ಬೆಳಗಿಸುವ ಸುಮಾರು ಒಂದು ಲಕ್ಷ ದೀಪಗಳು ನಾಡಿನ ಹೆಮ್ಮೆ. ಅವು ಕೆಲವು ಹೊತ್ತು ಉರಿದು ಆರುತ್ತವೆ. ಆದರೆ ಒಂದೊಂದು ಮನೆಯ ಬಾಗಿಲ ಮೇಲೂ ಕಳ್ಳರ ಭಯದಿಂದ ಸಂಜೆ ಹಚ್ಚಿ ಬೆಳಗಿನ ತನಕ ಆರಿಸದ ಬಿಳಿಯ ದೀಪವು ವರ್ಷದ ಅಷ್ಟೂ ರಾತ್ರಿಗಳು ಉರಿಯುತ್ತದೆ. ಅದರ ಸುತ್ತ ಸುತ್ತಿದ ಪತಂಗಗಳನ್ನು ಯಾರೂ ಎಣಿಸುವುದಿಲ್ಲ, ಯಾರೂ ಬಿಡಿಸುವುದಿಲ್ಲ. ಗೋಡೆಯ ಹಲ್ಲಿಗೆ ಮಾತ್ರ ಲೆಕ್ಕವು ಗೊತ್ತು. ಬೆಳಿಗ್ಗೆ ಅಂಗಳವನ್ನು ಗುಡಿಸುವಾಗ ರಂಗೋಲಿಯ ಜಾಗದಲ್ಲಿ ಬಿದ್ದಿರುವ ರೆಕ್ಕೆಗಳು ಪೊರಕೆಗೆ ಸೇರುತ್ತವೆ. ತೋಟಕ್ಕೆ ಮೊದಲನೆಯ ಬೋನು ಯಾವುದಿರಬೇಕೆಂದು ಯಜಮಾನರು ಚಿಂತಿಸುತ್ತಿದ್ದರು. ಮೊದಲನೆಯ ಬೋನು ಅವರ ಬಾಗಿಲ ಮೇಲೆ ಬಹುಕಾಲದಿಂದ ಉರಿಯುತ್ತಲೇ ಇದ್ದಿತು. ಅಜ್ಜಿಯ ಅತ್ತೆಯವರು ಹಣತೆಗೆ ಮುಚ್ಚುತ್ತಿದ್ದ ಜಾಲರಿಯನ್ನು ವಿದ್ಯುದ್ದೀಪಕ್ಕೆ ಮುಚ್ಚುವುದು ಯಾರಿಗೂ ನೆನಪಾಗಿರಲಿಲ್ಲ.

ಇಷ್ಟರಲ್ಲಿ ಪರಿಚಿತರೊಬ್ಬರು ತಮ್ಮಲ್ಲಿದ್ದ ಒಂದು ಪೆಟ್ಟಿಗೆಯ ಬೋನನ್ನು ನೋಡಿ ಹಿಂದಿರುಗಿಸಿರೆಂದು ಎರವಲು ಕೊಟ್ಟರು. ಜೂನ್ ತಿಂಗಳಿನ ಒಂದು ರಾತ್ರಿ, ಮೋಡ ಕವಿದು ಗಾಳಿಯಿಲ್ಲದೆ ಬೆಚ್ಚಗಿದ್ದಾಗ ಅದನ್ನು ಪಾರಿಜಾತದ ಬುಡದಲ್ಲಿಟ್ಟರು. ಅಂತಹ ರಾತ್ರಿಗಳಲ್ಲಿಯೇ ಪತಂಗಗಳು ಹೆಚ್ಚಾಗಿ ಬರುವುವು. ಬೆಳ್ದಿಂಗಳಿನಲ್ಲಿ ಬರುವುದು ಕಡಮೆ. ಹುಡುಗಿಯು ಹತ್ತು ಗಂಟೆಯವರೆಗೆ ಕಾದು ನಿದ್ರೆಗೆ ಹೋದಳು. ಬೆಳಗಾಗುವುದರೊಳಗೆ ಬೋನನ್ನು ನೆರಳಿಗೆ ಸಾಗಿಸಬೇಕೆಂದು ಹೇಳಿದ್ದ ತಾತನಿಗೆ ಎಚ್ಚರವಾಗುವ ವೇಳೆಗೆ ಬಿಸಿಲು ಪೆಟ್ಟಿಗೆಯ ಮೇಲೆ ಬಿದ್ದಿತ್ತು. ಒಂದು ಜೋಡಿ ಪಿಕಳಾರ ಹಕ್ಕಿಗಳು ಅದರ ಅಂಚಿನಲ್ಲಿ ಕುಳಿತಿದ್ದವು. ಸುತ್ತಲೂ ಕಿತ್ತುಬಿದ್ದ ರೆಕ್ಕೆಗಳಿದ್ದವು. ಒಳಗೆ ಬೂದು, ಕಂದು, ಹಳದಿ ಬಣ್ಣದ ಹಲವು ಪತಂಗಗಳು. ಇರುವೆಗಳು ಒಂದು ಮೂಲೆಯಿಂದ ಸಾಲುಗಟ್ಟಿದ್ದವು. ರೆಕ್ಕೆಯ ಮೇಲೆ ಕಣ್ಣಿನಂತಹ ಗುರುತುಳ್ಳ ದೊಡ್ಡ ಪತಂಗವೊಂದು ಇಡೀ ರಾತ್ರಿ ಬಡಿದಾಡಿ, ರೆಕ್ಕೆಯ ಅಂಚುಗಳನ್ನು ಹರಿದುಕೊಂಡು ಬಿಸಿಲಿನಲ್ಲಿ ಸತ್ತುಬಿದ್ದಿತ್ತು. ಹಸುರು ಪತಂಗವು ಅಲ್ಲಿರಲಿಲ್ಲ. ಮೊಮ್ಮಗಳು ಸತ್ತುದನ್ನು ಅಂಗೈಯಲ್ಲಿಟ್ಟುಕೊಂಡು, "ಹಿಡಿದು ಬಿಡುತ್ತೇನೆಂದು ಹೇಳಿದ್ದೆನಲ್ಲ, ತಾತ" ಎಂದು ಅತ್ತಳು. ತಾತನಿಗೆ ಮಾತು ಹೊರಡಲಿಲ್ಲ. ಅಜ್ಜಿಯೂ ಅಂದು, ಮೊದಲೇ ಹೇಳಿದ್ದೆನೆಂದು ಹೇಳಲಿಲ್ಲ.

ಈ ಪ್ರಸಂಗದಿಂದ ಬೋನನ್ನು ಅಳೆಯತಕ್ಕ ನಿಜವಾದ ಮಾನದಂಡವು ಸಿಕ್ಕುತ್ತದೆ. ಎಷ್ಟನ್ನು ಹಿಡಿದಿಡಬಲ್ಲುದು ಎಂಬುದರಿಂದ ಬೋನನ್ನು ಆರಿಸಬಾರದು. ಎಷ್ಟು ಸುಲಭವಾಗಿ ಬಿಟ್ಟುಕೊಡಬಲ್ಲುದು ಎಂಬುದರಿಂದ ಆರಿಸಬೇಕು. ಹಿಡಿದ ಮೇಲೆ ಬಿಡುವೆನೆಂಬ ಸಂಕಲ್ಪವು ಒಳ್ಳೆಯದೇ. ಆದರೆ ಸಂಕಲ್ಪಕ್ಕೂ ಬಿಡುಗಡೆಗೂ ನಡುವೆ ಒಂದು ನಿದ್ರೆಯ ಅಂತರವಿದ್ದರೆ, ಆ ಅಂತರದಲ್ಲಿ ಒದಗುವ ಸಾವಿಗೆ ಸಂಕಲ್ಪವು ಪ್ರಾಯಶ್ಚಿತ್ತವಾಗಲಾರದು. ಮನುಷ್ಯನು ಮಲಗಿದ ಮೇಲೂ ದುಡಿಯುವ ಯಂತ್ರವು ಅವನ ಕರುಣೆಯನ್ನು ಕಾದು ಕೂರುವುದಿಲ್ಲ. ಆದುದರಿಂದ ಮೊದಲ ಬೋನನ್ನು ಆರಿಸುವವನಿಗೆ, ತಾನು ಎಚ್ಚರವಿರುವಷ್ಟು ಹೊತ್ತು ಮಾತ್ರ ಕೆಲಸಮಾಡುವ, ತಾನು ದೀಪವನ್ನಾರಿಸಿದೊಡನೆ ತಾನಾಗಿಯೇ ಬಿಟ್ಟುಕೊಡುವ ಉಪಾಯವೇ ಯೋಗ್ಯವಾದುದು. ಅದು ಬಿಳಿಯ ಬಟ್ಟೆಯೇ.

ಪೆಟ್ಟಿಗೆಯ ಬೋನು ಎಂದಿಗೂ ಕೂಡದೆಂಬುದು ಇದರ ತಾತ್ಪರ್ಯವಲ್ಲ. ಒಂದು ಸ್ಥಳದಲ್ಲಿ ವರ್ಷವರ್ಷವೂ ಪತಂಗಗಳ ಏರಿಳಿತವನ್ನು ಎಣಿಸುವ ವಿದ್ವಾಂಸರಿಗೆ ಅದು ಬೇಕಾಗುತ್ತದೆ. ಅವರು ಬೆಳಕು ಹರಿಯುವ ಮುನ್ನ ಏಳುವ ಶಿಸ್ತನ್ನು ರೂಢಿಸಿಕೊಂಡವರು. ಆ ಶಿಸ್ತು ಬರುವ ಮೊದಲೇ ಆ ಸಾಧನವನ್ನು ಕೈಗೆ ತೆಗೆದುಕೊಳ್ಳುವುದು, ಈಜನ್ನು ಕಲಿಯದೆ ಮಡುವಿಗಿಳಿದಂತೆ; ಇಲ್ಲಿ ಮುಳುಗುವುದು ಮಾತ್ರ ಇಳಿದವನಲ್ಲ, ಇನ್ನೊಂದು ಜೀವ.

ತಿಳಿಯುವುದರಿಂದ ಆಗುವ ಫಲವೇನೆಂದು ಕೇಳಬಹುದು. ಲೋಕದಲ್ಲಿ ಇದುವರೆಗೆ ಹೆಸರಿಟ್ಟ ಪತಂಗದ ಜಾತಿಗಳು ಒಂದೂವರೆ ಲಕ್ಷಕ್ಕೆ ಮೇಲ್ಪಟ್ಟಿವೆ. ಭಾರತದಲ್ಲಿಯೇ ಹತ್ತು ಸಾವಿರಕ್ಕೂ ಹೆಚ್ಚು. ಮೈಸೂರಿನ ನೆರೆಯ ನೀಲಗಿರಿಯಲ್ಲಿ ಚಹದ ತೋಟಗಾರನಾಗಿದ್ದ ಜಾರ್ಜ್ ಹ್ಯಾಂಪ್ಸನ್ ಎಂಬ ಆಂಗ್ಲನು 1892ರಿಂದ 1896ರ ವರೆಗೆ ನಾಲ್ಕು ಸಂಪುಟಗಳಲ್ಲಿ ಭಾರತದ ಪತಂಗಗಳನ್ನು ವರ್ಣಿಸಿದನು. ಅಂದಿನ ವಿದ್ಯೆಯು ಕೊಂದು ಸೂಜಿಗೆ ಚುಚ್ಚಿದ ಮಾದರಿಗಳ ಮೇಲೆಯೇ ನಿಂತಿದ್ದಿತು. ಆ ಋಣವು ಇಂದು ಹೆಸರುಗಳನ್ನು ಬಲ್ಲವರೆಲ್ಲರ ಮೇಲೂ ಇದೆ. ಇಂದಿನ ಬಾಲಿಕೆಗೆ ಒಂದು ಛಾಯಾಚಿತ್ರವೂ ತೇದಿ, ಸ್ಥಳಗಳನ್ನು ಬರೆದ ಒಂದು ನೋಟುಬುಕ್ಕೂ ಸಾಕು. ಹಿತ್ತಿಲಿನ ಪರಂಗಿಯು ಕಾಯಿ ಕಟ್ಟುವುದರಲ್ಲಿ ಸಂಜೆಯ ಹೊತ್ತು ಹಾರುವ ದೊಡ್ಡ ಪತಂಗಗಳ ಪಾಲಿದೆಯೆಂಬುದನ್ನು ತಿಳಿದ ಮನೆಯವರು, ಮರುದಿನದಿಂದ ಅವುಗಳನ್ನು ದೀಪದ ಹುಳುಗಳೆಂದು ಕಡೆಗಣಿಸಲಾರರು. ಹೆಸರನ್ನು ಅರಿಯದ ಜೀವಕ್ಕೆ ಮನುಷ್ಯನು ಕರುಣೆಯನ್ನು ತೋರಬಹುದು. ಆದರೆ ಅದಕ್ಕೆ ಏನು ಬೇಕೆಂಬುದನ್ನು ಅರಿಯಲಾರನು. ಅರಿವಿಲ್ಲದ ಕರುಣೆಯು ಹಣತೆಗೆ ಜಾಲರಿಯನ್ನು ಮುಚ್ಚಿ ಬಾಗಿಲ ದೀಪವನ್ನು ಮರೆಯಿತು. ಕರುಣೆಯಿಲ್ಲದ ಅರಿವು ಪೆಟ್ಟಿಗೆಯನ್ನು ಬಿಸಿಲಿನಲ್ಲಿ ಬಿಟ್ಟಿತು. ಎರಡೂ ಕೂಡಿದಲ್ಲಿ ಮಾತ್ರ ಆಚಾರವು ಶುದ್ಧವಾಗುತ್ತದೆ.

ಎರವಲು ತಂದ ಬೋನನ್ನು ಆ ವಾರದಲ್ಲಿಯೇ ಹಿಂದಿರುಗಿಸಿದರು. ಬಾಗಿಲ ಮೇಲಿನ ಬಿಳಿಯ ದೀಪವನ್ನು ತೆಗೆದು, ಮೇಲೆ ಮುಚ್ಚಳವುಳ್ಳ, ಹಳದಿಯ ಕಡಮೆ ಬೆಳಕಿನ ದೀಪವನ್ನು ಹಾಕಿಸಿದರು. ಎಲ್ಲರೂ ಮಲಗುವಾಗ ಅದನ್ನು ಆರಿಸುವುದೆಂದು ಗೊತ್ತುಮಾಡಿದರು. ಬೋನಿಗೆಂದು ಕೊಂಡುದು ಒಂದು ಚಿಕ್ಕ ಅತಿನೇರಳೆ ದೀಪ ಮಾತ್ರ. ಅದನ್ನು ನೇರವಾಗಿ ದಿಟ್ಟಿಸಿ ನೋಡಬಾರದೆಂದು ತಾತನು ಹುಡುಗಿಗೆ ಎಚ್ಚರಿಸಿದರು. ಬಟ್ಟೆಯನ್ನು ಕೊಟ್ಟವಳು ಅಜ್ಜಿ, ಒಗೆದು ಮಡಚಿಟ್ಟ ತಾತನ ಬಿಳಿಯ ಪಂಚೆಯೊಂದನ್ನು ತಂದು, "ಹತ್ತು ಗಂಟೆಗೆ ದೀಪ ಆರಬೇಕು. ದಿನಾ ಹಚ್ಚಕೂಡದು" ಎಂದಳು. ಇದರಲ್ಲಿ ಆಕೆಯು ವಿಜ್ಞಾನದ ಮತವನ್ನೇ ಹೇಳಿದಂತಾಯಿತು. ಸಾಲಾಗಿ ಒಂದೇ ಜಾಗದಲ್ಲಿ ದೀಪವನ್ನಿಟ್ಟರೆ ಅದೇ ಪತಂಗಗಳು ಮತ್ತೆ ಮತ್ತೆ ಸಿಕ್ಕಿ, ಉಣ್ಣುವ, ಕೂಡುವ, ಮೊಟ್ಟೆಯಿಡುವ ರಾತ್ರಿಗಳನ್ನು ಕಳೆದುಕೊಳ್ಳುತ್ತವೆ. ರೇಷ್ಮೆಯ ಪತಂಗದಂತೆ ರೆಕ್ಕೆ ಬಂದ ಮೇಲೆ ಏನನ್ನೂ ತಿನ್ನದೆ ಕೆಲವೇ ದಿನ ಬದುಕುವ ಜಾತಿಗಳು ಹಲವಿವೆ. ಅವುಗಳಿಗೆ ಒಂದು ರಾತ್ರಿಯೆಂದರೆ ಮನುಷ್ಯನ ಹಲವು ವರ್ಷಗಳಿಗೆ ಸಮಾನ. ಕೆಲವು ರಾತ್ರಿ ದೀಪವನ್ನೇ ಹಚ್ಚದೆ, ಕೊಳೆತ ಬಾಳೆಯ ಹಣ್ಣನ್ನು ಬೆಲ್ಲದೊಡನೆ ಕಲಸಿ ಮರದ ಕಾಂಡಕ್ಕೆ ಹಚ್ಚಿದರು. ಸಿಹಿಯನ್ನು ಹೀರಲು ಬಂದ ಪತಂಗಗಳನ್ನು ಮಂದವಾದ ಕೆಂಪು ಬೆಳಕಿನಲ್ಲಿ ನೋಡಿದರು. ಬಲೆಯನ್ನೊಡ್ಡುವುದಕ್ಕಿಂತ ಬಡಿಸುವುದು ಅಜ್ಜಿಯ ಮನಸ್ಸಿಗೆ ಹೆಚ್ಚು ಒಪ್ಪಿತವಾಯಿತು.

ಹುಡುಗಿಯು ಬಯಸಿದ ಹಸುರು ಪತಂಗವು ಪಂಚೆಯ ಮೇಲೆ ಬರಲೇ ಇಲ್ಲ. ಅದು ದೀಪದ ಬಳಿ ಎಂದೂ ಕಾಣಸಿಗುವುದಿಲ್ಲವೆಂದಲ್ಲ. ಆದರೆ ಮೇಲೆ ಹೇಳಿದ ಸಂಶೋಧನೆಯಲ್ಲಿ, ದೀಪದ ಮೇಲೆ ಹಾರಿಹೋದರೂ ಬೆನ್ನನ್ನು ತಿರುಗಿಸದೆ ತನ್ನ ದಾರಿಯಲ್ಲಿಯೇ ಸಾಗಬಲ್ಲವೆಂದು ಕಂಡುಬಂದ ಕೆಲವೇ ಕೀಟಗಳಲ್ಲಿ ಈ ಕಣಗಿ‌ಲೆಯ ಪತಂಗವೂ ಒಂದು. ನವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ, ಪೂಜೆಗೆ ನಂದಿಬಟ್ಟಲಿನ ಹೂವನ್ನು ಬಿಡಿಸುತ್ತಿದ್ದ ಅಜ್ಜಿಯು ಮೊಮ್ಮಗಳನ್ನು ಕೂಗಿ ಕರೆದಳು. ಎಲೆಯ ಅಡಿಯಲ್ಲಿ ಬೆರಳಿನಷ್ಟು ದಪ್ಪದ ಒಂದು ಹಸುರು ಹುಳು; ಮುಂಭಾಗದಲ್ಲಿ ನೀಲಿಯ ಎರಡು ಕಣ್ಣುಗಳಂತಹ ಗುರುತುಗಳು. ಹಿಂದಿನ ವರ್ಷಗಳಲ್ಲಿ ಅಂತಹ ಹುಳುಗಳನ್ನು ಗಿಡವನ್ನು ತಿನ್ನುವುವೆಂದು ಕಿತ್ತೆಸೆದಿದ್ದುದನ್ನು ಆಕೆಯು ನೆನಪಿಸಿಕೊಂಡಳು. ಅಂದು ಆ ರೆಂಬೆಯ ಹೂವನ್ನು ಬಿಡಿಸದೆ ಹಾಗೆಯೇ ಬಿಟ್ಟಳು.

ಕಾರ್ತಿಕಮಾಸದಲ್ಲಿ ದೀಪವನ್ನು ಹಚ್ಚುವಾಗ ಹೇಳುವ ಒಂದು ಪ್ರಾರ್ಥನೆಯು ಅನೇಕ ಮನೆಗಳಲ್ಲಿ ರೂಢಿಯಲ್ಲಿದೆ. ಕೀಟಗಳು, ಪತಂಗಗಳು, ಸೊಳ್ಳೆಗಳು, ಮರಗಳು, ನೀರಿನಲ್ಲಿಯೂ ನೆಲದಲ್ಲಿಯೂ ವಾಸಿಸುವ ಜೀವಗಳು, ಇವೆಲ್ಲವೂ ಈ ದೀಪವನ್ನು ಕಂಡು ಶ್ರೇಯಸ್ಸನ್ನು ಪಡೆಯಲಿ ಎಂಬುದು ಅದರ ಭಾವ. ದೀಪವನ್ನು ಹಚ್ಚುವವನು ಪತಂಗವನ್ನು ಮರೆಯಬಾರದೆಂದು ಅದನ್ನು ರಚಿಸಿದವರು ಬಯಸಿದ್ದಿರಬೇಕು. ಆ ವರ್ಷ ಸರಸ್ವತಿಪುರಂನ ಆ ಮನೆಯಲ್ಲಿ ತುಳಸಿಯ ಮುಂದೆ ಹಣತೆಯನ್ನಿಟ್ಟ ಅಜ್ಜಿಯು, ಪ್ರಾರ್ಥನೆಯನ್ನು ಹೇಳಿ ಮುಗಿಸಿ, ಹಳೆಯ ಪೆಟ್ಟಿಗೆಯಲ್ಲಿದ್ದ ಅತ್ತೆಯವರ ಜಾಲರಿಯನ್ನು ತರಿಸಿ ಅದರ ಮೇಲೆ ಮುಚ್ಚಿದಳು.